ಅಂಗಾಲಿನ ಉರಿಗೆ ನರದ ಮಾತ್ರೆ: ಕೊಳ್ಳುವ ಮುನ್ನ ಒಂದು ರಕ್ತಪರೀಕ್ಷೆ

ಮಧುಮೇಹವುಳ್ಳ ಹಿರಿಯರು ವೈದ್ಯರಲ್ಲಿಗೆ ಬರುವಾಗ ತಾವು ನುಂಗುತ್ತಿರುವ ಔಷಧಗಳ ಖಾಲಿ ಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲವೊಂದರಲ್ಲಿ ತುಂಬಿ ತರುವುದು ವಾಡಿಕೆ. ತೊಣ್ಣೂರು ಮತ್ತು ಪಾಂಡವಪುರದ ಸುತ್ತಿನ ಹಳ್ಳಿಗಳಿಂದ ನನ್ನಲ್ಲಿಗೆ ಬರುವವರ ಚೀಲಗಳಲ್ಲಿ ಸಕ್ಕರೆಯ ಮಾತ್ರೆಗಳ ಜೊತೆಗೆ ತಪ್ಪದೆ ಕಾಣುವುದು ಅವರು ‘ನರದ ಮಾತ್ರೆ’ ಎಂದು ಕರೆಯುವ ಗುಳಿಗೆಗಳು. ಕೆಲವನ್ನು ವೈದ್ಯರೇ ಬರೆದುಕೊಟ್ಟಿರುತ್ತಾರೆ. ಕೆಲವು ಔಷಧದ ಅಂಗಡಿಯವರ ಸಲಹೆ. ಇನ್ನು ಕೆಲವು ಬೆಂಗಳೂರಿನಲ್ಲಿರುವ ಮಗನೋ ಮಗಳೋ ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸಿಕೊಟ್ಟವು. ಎಲ್ಲರ ಪ್ರಶ್ನೆಯೂ ಒಂದೇ: ಅಂಗಾಲಿನ ಉರಿಯೂ ಜೋಮೂ ಇವುಗಳಿಂದ ಹೋಗುತ್ತವೆಯೆ?

ಬಹುಪಾಲು ಗುಳಿಗೆಗಳ ಮಟ್ಟಿಗೆ ಉತ್ತರ ಅಷ್ಟೇನೂ ಆಶಾದಾಯಕವಲ್ಲ. ಆದರೆ ಅವುಗಳ ನಡುವೆ ಒಂದು ಪೋಷಕಾಂಶವಿದೆ. ಅದರ ಕೊರತೆಯೇ ಕೆಲವರಲ್ಲಿ ಕಾಲಿನ ಜೋಮಿಗೆ ಕಾರಣವಾಗಿರುತ್ತದೆ, ಆ ಕೊರತೆಯನ್ನು ಸುಲಭವಾಗಿ ತುಂಬಲೂ ಬರುತ್ತದೆ. ಅದು ಬಿ12 ಜೀವಸತ್ವ. ಮಾಂಸ, ಮೊಟ್ಟೆಗಳನ್ನು ಮುಟ್ಟದ ನಮ್ಮಂಥ ಮನೆತನಗಳ ಮಧುಮೇಹಿಗಳಲ್ಲಿ ಈ ಕೊರತೆಯ ಸಂಭವ ಉಳಿದವರಿಗಿಂತ ಹೆಚ್ಚು. ಆದಕಾರಣ ಈ ಲೇಖನದ ಬಹುಭಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ರೋಗದ ಸ್ವರೂಪವನ್ನು ನೋಡೋಣ. ನಮ್ಮ ದೇಹದಲ್ಲಿ ಅತ್ಯಂತ ಉದ್ದವಾದ ನರಗಳು ಸೊಂಟದಿಂದ ಕಾಲ್ಬೆರಳ ತುದಿಯವರೆಗೆ ಸಾಗುತ್ತವೆ. ರಕ್ತದಲ್ಲಿ ಸಕ್ಕರೆ ವರ್ಷಾನುಗಟ್ಟಲೆ ಏರಿಯೇ ಇದ್ದರೆ ನರತಂತುಗಳೂ ಅವುಗಳಿಗೆ ರಕ್ತವುಣಿಸುವ ಸೂಕ್ಷ್ಮನಾಳಗಳೂ ಕೆಡುತ್ತವೆ. ಉದ್ದನೆಯ ತಂತುಗಳು ಮೊದಲು ಸೋಲುವುದರಿಂದ ತೊಂದರೆಯು ಕಾಲ್ಬೆರಳಿನಲ್ಲಿ ಆರಂಭವಾಗಿ, ಕಾಲುಚೀಲ ತೊಟ್ಟಷ್ಟು ಜಾಗಕ್ಕೆ ಹರಡಿ, ಮೊಣಕಾಲಿನ ಮಟ್ಟಕ್ಕೆ ಏರುವ ಹೊತ್ತಿಗೆ ಕೈಬೆರಳುಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ, ಮೆಣಸಿನಕಾಯಿ ಅರೆದು ಹಚ್ಚಿದಂತೆ ಎಂದು ರೋಗಿಗಳು ಹೇಳುವುದು ಇದನ್ನೇ. ಚರಕಸಂಹಿತೆಯ ನಿದಾನಸ್ಥಾನವು ಕೈಕಾಲುಗಳ ಸುಪ್ತತೆ ಮತ್ತು ದಾಹಗಳನ್ನು ಪ್ರಮೇಹದ ಪೂರ್ವರೂಪಗಳಲ್ಲಿಯೇ ಎಣಿಸಿರುವುದು ಗಮನಾರ್ಹ. ಸಕ್ಕರೆ ಕಾಯಿಲೆ ಪತ್ತೆಯಾಗುವ ದಿನವೇ ಕೆಲವರಲ್ಲಿ ನರಗಳು ಕೆಟ್ಟಿರುತ್ತವೆ ಎಂಬುದು ಇಂದಿನ ವೈದ್ಯರ ಅನುಭವವೂ ಹೌದು.

ಇಲ್ಲೊಂದು ಅಪಾಯವಿದೆ. ಎಷ್ಟೋ ವರ್ಷ ಉರಿದ ಕಾಲು ಒಂದು ದಿನ ತಣ್ಣಗಾಗುತ್ತದೆ. “ಉರಿ ನಿಂತೋಯ್ತು ಡಾಕ್ಟ್ರೇ, ಮಾತ್ರೆ ಹಿಡೀತು” ಎಂದು ರೋಗಿಯು ಸಂತೋಷದಿಂದ ಹೇಳುತ್ತಾನೆ. ಪರೀಕ್ಷಿಸಿದರೆ ಕೆಲವೊಮ್ಮೆ ಅಂಗಾಲಿನಲ್ಲಿ ಸ್ಪರ್ಶವೇ ಇರುವುದಿಲ್ಲ. ಉರಿಯನ್ನು ತಿಳಿಸುತ್ತಿದ್ದ ತಂತುಗಳೇ ಸತ್ತಿರುತ್ತವೆ. ಆದ್ದರಿಂದ ಉರಿ ತಗ್ಗಿತೆಂಬ ಒಂದೇ ಕಾರಣಕ್ಕೆ ಯಾವ ಮಾತ್ರೆಯನ್ನೂ ಹೊಗಳಲಾಗದು.

ನರಗಳನ್ನು ಉಳಿಸುವ ಮೊದಲ ಉಪಾಯ ಸಕ್ಕರೆಯ ಹತೋಟಿ. ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಇನ್ಸುಲಿನ್ನನ್ನೇ ಅವಲಂಬಿಸಿದ ಮೊದಲನೆಯ ಬಗೆಯ ಮಧುಮೇಹಿಗಳು ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟಾಗ ನರಹಾನಿಯು ಸುಮಾರು ಶೇ. 60ರಷ್ಟು ತಗ್ಗಿತು. ನಮ್ಮಲ್ಲಿ ನಡುವಯಸ್ಸಿನ ಬಳಿಕ ಬರುವ ಎರಡನೆಯ ಬಗೆಯಲ್ಲಿ ಈ ಲಾಭ ಅಷ್ಟು ದೊಡ್ಡದಲ್ಲ, ಆದರೂ ಇದೆ. ಆಲೆಮನೆಗಳ ಸೀಮೆಯಲ್ಲಿ ವಾಸಿಸುವ ನಾವು ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು: ಬೆಲ್ಲ ಸಾವಯವವಾಗಿರಲಿ, ಸಾಧಾರಣವಾಗಿರಲಿ, ಮಧುಮೇಹಿಯ ರಕ್ತದಲ್ಲಿ ಅದರ ಕೆಲಸ ಸಕ್ಕರೆಯದೇ. ಚರಕನು ಪ್ರಮೇಹದ ಕಾರಣಗಳನ್ನು ಹೇಳುವಾಗ ಬೆಲ್ಲದಿಂದಾದ ಪದಾರ್ಥಗಳನ್ನು ಹೆಸರಿಸಿಯೇ ಇದ್ದಾನೆ.

ಇನ್ನು ಬಿ12. ಇದನ್ನು ಗಿಡಮರಗಳು ತಯಾರಿಸಲಾರವು, ಪ್ರಾಣಿಗಳೂ ತಯಾರಿಸಲಾರವು. ಸೂಕ್ಷ್ಮಜೀವಿಗಳು ಮಾತ್ರ ತಯಾರಿಸಬಲ್ಲವು. ಹಸುವಿನ ಹೊಟ್ಟೆಯಲ್ಲಿರುವ ಅಂಥ ಜೀವಿಗಳಿಂದ ಹಾಲಿಗೆ ಬರುತ್ತದೆ. ಸಸ್ಯಾಹಾರಿಗೆ ಹಾಲು ಮತ್ತು ಅದರಿಂದಾದ ಮೊಸರು, ಪನೀರುಗಳೇ ಇದರ ಆಸರೆ. ರಾಗಿ, ಹುರುಳಿ, ಸೊಪ್ಪು, ಮೊಳಕೆಕಾಳು ಇವು ಬೇರೆ ವಿಧದಲ್ಲಿ ಎಷ್ಟು ಶ್ರೇಷ್ಠವಾದರೂ ಇವುಗಳಲ್ಲಿ ಬಿ12 ಇಲ್ಲ. ಇಡ್ಲಿಹಿಟ್ಟಿನ ಹುದುಗು, ಅಂಬಲಿ ಇವನ್ನು ನಂಬುವಂತಿಲ್ಲ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಇರುವುದು ಬಹುಮಟ್ಟಿಗೆ ಬಿ12ನ್ನು ಹೋಲುವ, ಆದರೆ ನಮ್ಮ ದೇಹಕ್ಕೆ ಬಳಕೆಯಾಗದ ವಸ್ತು. ವಯಸ್ಕರಿಗೆ ದಿನಕ್ಕೆ ಬೇಕಾದುದು ಕೇವಲ 2ರಿಂದ 2.5 ಮೈಕ್ರೊಗ್ರಾಂ. ನೂರು ಮಿಲಿಲೀಟರ್ ಹಾಲಿನಲ್ಲಿ ಸಿಗುವುದು ಅರ್ಧ ಮೈಕ್ರೊಗ್ರಾಮಿನ ಆಸುಪಾಸು. ಅಂದರೆ ಅರ್ಧ ಲೀಟರ್ ಹಾಲು ನಿತ್ಯ ಹೊಟ್ಟೆಗೆ ಹೋಗಬೇಕು. ನಮ್ಮ ಮನೆಗಳ ಸ್ಥಿತಿ ಏನು? ಕರೆದ ಹಾಲೆಲ್ಲ ಡೇರಿಗೆ ಹೋಗುತ್ತದೆ. ಮನೆಯ ಹಿರಿಯರ ಪಾಲಿಗೆ ಎರಡು ಲೋಟ ಕಾಫಿಯ ಹಾಲು ಮತ್ತು ನೀರು ಬೆರೆಸಿದ ಮಜ್ಜಿಗೆ ಉಳಿಯುತ್ತದೆ.

ಇದಕ್ಕೆ ಮೆಟ್‌ಫಾರ್ಮಿನ್ ಸೇರುತ್ತದೆ. ಸಕ್ಕರೆ ಕಾಯಿಲೆಗೆ ಲೋಕದಲ್ಲೆಲ್ಲ ಅತಿ ಹೆಚ್ಚು ಬಳಕೆಯಾಗುವ ಮಾತ್ರೆಗಳಲ್ಲಿ ಇದೊಂದು, ಒಳ್ಳೆಯ ಮಾತ್ರೆ, ಅಗ್ಗದ ಮಾತ್ರೆ. ಆದರೆ ಸಣ್ಣಕರುಳಿನ ಕೊನೆಯ ಭಾಗದಲ್ಲಿ ಬಿ12 ರಕ್ತಕ್ಕೆ ಸೇರುವುದನ್ನು ಇದು ತಡೆಯುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ಬಿ12 ದಾಸ್ತಾನು ಇರುವುದರಿಂದ ಕೊರತೆಯು ಕೂಡಲೇ ಗೊತ್ತಾಗದು. ದಾಸ್ತಾನೇ ಕಡಿಮೆಯಿರುವ ಸಸ್ಯಾಹಾರಿಯಲ್ಲಿ ಅದು ಬೇಗ ಬರಿದಾಗುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು 2022ರಲ್ಲಿ, ಬಿ12 ಕೊರತೆ ಈ ಮಾತ್ರೆಯ ಸಾಮಾನ್ಯ ಅಡ್ಡಪರಿಣಾಮವೆಂದೂ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ಸೇವಿಸುವವರಲ್ಲಿ ಅದು ಹೆಚ್ಚೆಂದೂ ವೈದ್ಯರನ್ನು ಎಚ್ಚರಿಸಿತು. ‘ಗ್ಯಾಸ್ ಮಾತ್ರೆ’ ಎಂದು ಬೆಳಗಿನ ಕಾಫಿಗೆ ಮೊದಲೇ ವರ್ಷಾನುಗಟ್ಟಲೆ ನುಂಗುವ ಆಮ್ಲನಿರೋಧಕಗಳೂ ಬಿ12 ಹೀರಿಕೆಗೆ ಅಡ್ಡಿಯೇ. ಹಾಗೆಂದು ಮೆಟ್‌ಫಾರ್ಮಿನ್ನನ್ನು ಯಾರೂ ತಾವಾಗಿ ನಿಲ್ಲಿಸಬಾರದು. ನಿಲ್ಲಿಸಿದರೆ ಸಕ್ಕರೆ ಏರಿ, ನರಗಳಿಗೆ ಅದಕ್ಕಿಂತ ದೊಡ್ಡ ಕೇಡು. ಮಾತ್ರೆ ಮುಂದುವರಿಯಲಿ, ಕೊರತೆಯನ್ನು ತುಂಬಿಕೊಳ್ಳೋಣ.

ಬಿ12 ಕೊರತೆಯ ಜೋಮು ಮತ್ತು ಮಧುಮೇಹದ ಜೋಮು ನೋಡಲು ಒಂದೇ ತೆರ. ಎರಡೂ ಒಬ್ಬರಲ್ಲೇ ಇರಬಹುದು. ಆದರೂ ಕೆಲವು ಸುಳಿವುಗಳಿವೆ: ನಾಲಿಗೆ ನುಣುಪಾಗಿ ಕೆಂಪೇರಿ ಖಾರ ತಾಳದಿರುವುದು, ಕಾರಣವಿಲ್ಲದ ಸುಸ್ತು, ಮರೆವು, ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಅಥವಾ ಕತ್ತಲಲ್ಲಿ ಹಿತ್ತಲಿಗೆ ಹೋಗುವಾಗ ತೂರಾಡುವುದು. ರಕ್ತಹೀನತೆ ಇರಲೇಬೇಕೆಂದಿಲ್ಲ. ಇದು ಮುಖ್ಯವಾದ ಮಾತು, ಏಕೆಂದರೆ ಫೋಲಿಕ್ ಆಮ್ಲದ ಮಾತ್ರೆಯನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರೆ ರಕ್ತ ಸರಿಹೋದಂತೆ ಕಂಡು, ಒಳಗೆ ನರಗಳು ಕೆಡುತ್ತಲೇ ಇರಬಹುದು. ಬಹುಕಾಲ ಬಿಟ್ಟರೆ ಬೆನ್ನುಹುರಿಗೂ ಹಾನಿಯಾಗುತ್ತದೆ, ಅದು ಪೂರ್ತಿ ಮರಳಿ ಬರುವುದಿಲ್ಲ.

ಆದುದರಿಂದ ಮೆಟ್‌ಫಾರ್ಮಿನ್ ಸೇವಿಸುವ ಸಸ್ಯಾಹಾರಿಗಳು ಕಾಲಿನಲ್ಲಿ ಜೋಮು ಕಂಡಾಗ ಬಿ12 ರಕ್ತಪರೀಕ್ಷೆ ಮಾಡಿಸಬೇಕು. ಜೋಮಿಲ್ಲದಿದ್ದರೂ ಕೆಲವು ವರ್ಷಗಳಿಗೊಮ್ಮೆ ಮಾಡಿಸುವುದು ಲೇಸು. ಮಾತ್ರೆ ಆರಂಭಿಸುವ ಮೊದಲೇ ಪರೀಕ್ಷೆಯಾಗಬೇಕು. ಎರಡು ವಾರ ಮಾತ್ರೆ ನುಂಗಿ ಆಮೇಲೆ ಪರೀಕ್ಷಿಸಿದರೆ ಸಂಖ್ಯೆ ಏರಿ ನಿಜ ಮರೆಯಾಗುತ್ತದೆ. ಮಿಲಿಲೀಟರಿಗೆ 200 ಪಿಕೊಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. 200ರಿಂದ 300ರ ನಡುವೆ ಇದ್ದರೆ ಲಕ್ಷಣಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ನರಗಳ ತೊಂದರೆ ಇರುವವರಿಗೆ ಮೊದಲು ಚುಚ್ಚುಮದ್ದು ಕೊಡುವುದು ರೂಢಿ. ಅನಂತರ ದಿನಕ್ಕೆ 1000 ಮೈಕ್ರೊಗ್ರಾಂ ಮಾತ್ರೆ ಸಾಕಾಗುತ್ತದೆ. ಬೇಕಾದುದು ಎರಡು ಮೈಕ್ರೊಗ್ರಾಂ, ಕೊಡುವುದು ಸಾವಿರವೇಕೆಂದು ಕೇಳಬಹುದು. ಕರುಳಿನ ಸಹಜ ದಾರಿ ಮುಚ್ಚಿದ್ದರೂ ನುಂಗಿದುದರಲ್ಲಿ ಶೇ. 1ರಷ್ಟು ತಾನಾಗಿ ಒಳಸೇರುತ್ತದೆ, ಆ ಲೆಕ್ಕದಿಂದ. ಮೀಥೈಲ್‌ಕೊಬಾಲಮಿನ್ ಎಂಬುದೇ ಶ್ರೇಷ್ಠ, ಸಯನೊಕೊಬಾಲಮಿನ್ ಕೆಳದರ್ಜೆಯದು ಎಂಬ ಪ್ರಚಾರಕ್ಕೆ ಬಲವಾದ ಆಧಾರವಿಲ್ಲ. ಎರಡನ್ನೂ ದೇಹ ಬಳಸಿಕೊಳ್ಳುತ್ತದೆ. ಇನ್ನು, ಕೊರತೆಯೇ ಇಲ್ಲದವರಿಗೆ ಬಿ12 ಕೊಟ್ಟರೆ ಮಧುಮೇಹದ ನರಹಾನಿ ವಾಸಿಯಾಗುತ್ತದೆಂಬುದು ಸಿದ್ಧವಾಗಿಲ್ಲ.

ಭಕ್ತರಲ್ಲಿ ಕೆಲವರು ಈ ಮಾತ್ರೆ ಮಾಂಸದಿಂದ ಬಂದದ್ದೇ ಎಂದು ಹಿಂಜರಿಯುವುದುಂಟು. ಔಷಧವಾಗಿ ಬಳಸುವ ಬಿ12ನ್ನು ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ, ಆದ್ದರಿಂದ ಶಂಕೆ ಬೇಡ. ಆದರೆ ಕ್ಯಾಪ್ಸೂಲಿನ ಮೇಲಿನ ಕವಚವನ್ನು ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ನಿನಿಂದ ಮಾಡುತ್ತಾರೆ. ಆಹಾರಪೂರಕವೆಂದು ಮಾರುವ ಡಬ್ಬಿಗಳ ಮೇಲೆ ಸಸ್ಯಾಹಾರದ ಹಸಿರು ಗುರುತನ್ನು ನೋಡಬಹುದು. ಔಷಧವೆಂದು ಮಾರುವ ಪಟ್ಟಿಗಳ ಮೇಲೆ ಅದು ಇರುವ ಖಾತ್ರಿಯಿಲ್ಲ. ಕ್ಯಾಪ್ಸೂಲಿಗೆ ಬದಲು ಮಾತ್ರೆಯನ್ನೇ ಬರೆದುಕೊಡಿರೆಂದು ವೈದ್ಯರನ್ನು ಕೇಳಿದರಾಯಿತು. ಆಹಾರಪೂರಕದ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂಬರ್ಥದ ಸಾಲನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿರುತ್ತಾರೆ. ಜಾಹೀರಾತು ಏನೇ ಹೇಳಲಿ, ಕಾನೂನಿನ ದೃಷ್ಟಿಯಲ್ಲಿ ಅದು ಆಹಾರ, ಮದ್ದಲ್ಲ.

ಉಳಿದ ಪೂರಕಗಳಲ್ಲಿ ಹೆಚ್ಚು ಹೆಸರಾದುದು ಆಲ್ಫಾ ಲಿಪೋಯಿಕ್ ಆಮ್ಲ. ಜರ್ಮನಿಯಲ್ಲಿ ದಶಕಗಳಿಂದ ಬಳಕೆಯಲ್ಲಿದೆ. 2006ರಲ್ಲಿ ಪ್ರಕಟವಾದ ಐದು ವಾರಗಳ ಪರೀಕ್ಷೆಯೊಂದರಲ್ಲಿ ದಿನಕ್ಕೆ 600 ಮಿಲಿಗ್ರಾಂ ಸೇವಿಸಿದವರಿಗೆ ಉರಿ, ಚುಚ್ಚುನೋವುಗಳು ತಗ್ಗಿದವು. ಅದಕ್ಕಿಂತ ಹೆಚ್ಚು ಕೊಟ್ಟಾಗ ವಾಕರಿಕೆ ಹೆಚ್ಚಿತೇ ಹೊರತು ಲಾಭವಲ್ಲ. ಆದರೆ ನಾಲ್ಕು ವರ್ಷ ಕೊಟ್ಟು ನೋಡಿದ, 2011ರಲ್ಲಿ ಪ್ರಕಟವಾದ ಪರೀಕ್ಷೆಯ ಮುಖ್ಯ ಗುರಿ ಈಡೇರಲಿಲ್ಲ. ಲಭ್ಯವಿರುವ ಪರೀಕ್ಷೆಗಳನ್ನು ಒಟ್ಟಿಗೆ ತೂಗಿದ 2024ರ ಕೊಕ್ರೇನ್ ವಿಮರ್ಶೆಯು, ಆರು ತಿಂಗಳ ಬಳಿಕ ಲಕ್ಷಣಗಳ ಮೇಲೆ ಇದರ ಪರಿಣಾಮ ಬಹುಶಃ ಅತ್ಯಲ್ಪ ಅಥವಾ ಇಲ್ಲವೆಂದಿದೆ. ವೈದ್ಯರು ಕೊಟ್ಟರೆ ಎರಡು ಮೂರು ತಿಂಗಳು ನೋಡಿ, ಗುಣವಿಲ್ಲದಿದ್ದರೆ ಅವರಿಗೆ ತಿಳಿಸಿ ನಿಲ್ಲಿಸುವುದು ವಿವೇಕ. ಅಪರೂಪಕ್ಕೆ ಇದರಿಂದ ಸಕ್ಕರೆ ಹಠಾತ್ತನೆ ಇಳಿದ ಪ್ರಸಂಗಗಳು ಜಪಾನಿನಿಂದ ವರದಿಯಾಗಿವೆ. ಬಿ1ರ ಒಂದು ರೂಪವಾದ ಬೆನ್‌ಫೋಟಿಯಮಿನ್ನಿನ ಕಥೆಯೂ ಇದೇ: ಆರು ವಾರಗಳ ಪರೀಕ್ಷೆಯಲ್ಲಿ ಸ್ವಲ್ಪ ಆಶೆ, ಎರಡು ವರ್ಷಗಳ ಪರೀಕ್ಷೆಯಲ್ಲಿ ಏನೂ ಇಲ್ಲ.

ಬಿ6ರ ವಿಷಯ ಬೇರೆ. ಪಿರಿಡಾಕ್ಸಿನ್ ಎಂದು ಪಟ್ಟಿಯ ಮೇಲೆ ಬರೆದಿರುವ ಇದು ಅತಿಯಾದರೆ ತಾನೇ ನರಗಳನ್ನು ಕೆಡಿಸುತ್ತದೆ. 1983ರಲ್ಲಿ ಅಮೆರಿಕದ ವೈದ್ಯರು ದಿನಕ್ಕೆ 2ರಿಂದ 6 ಗ್ರಾಂ ಸೇವಿಸಿ ನಡೆಯಲಾರದಂತಾದ ಏಳು ಮಂದಿಯ ವಿವರ ಪ್ರಕಟಿಸಿದರು. ಅನಂತರ ಅದಕ್ಕಿಂತ ತೀರ ಕಡಿಮೆ ಪ್ರಮಾಣದಲ್ಲಿಯೂ ತಿಂಗಳುಗಟ್ಟಲೆ ಸೇವಿಸಿದವರಲ್ಲಿ ಇದು ಕಂಡಿತು. ಐರೋಪ್ಯ ಆಹಾರ ಸುರಕ್ಷಾ ಸಂಸ್ಥೆಯು 2023ರಲ್ಲಿ ವಯಸ್ಕರಿಗೆ ದಿನಕ್ಕೆ 12 ಮಿಲಿಗ್ರಾಂ ಎಂದು ಮಿತಿ ಹಾಕಿದೆ. ಒಂದೇ ಮಾತ್ರೆಯಲ್ಲಿ ಈ ಮಿತಿ ಮೀರದಿರಬಹುದು. ಆದರೆ ಮೂವರು ವೈದ್ಯರು ಬರೆದ ಮೂರು ‘ನರದ ಮಾತ್ರೆ’ಗಳು ಒಂದೇ ಹೊಟ್ಟೆಗೆ ಹೋದಾಗ ಲೆಕ್ಕ ತಪ್ಪುತ್ತದೆ. ಪಟ್ಟಿಗಳನ್ನೆಲ್ಲ ಒಬ್ಬ ವೈದ್ಯರ ಮುಂದೆ ಹರವಿ ಕೂಡಿಸಿ ನೋಡಿಸಬೇಕು. ಆಗಲೇ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಬಿ12ರ ಜೊತೆಗೆ ಪ್ರೆಗಾಬಲಿನ್ ಬೆರೆಸಿದ ಗುಳಿಗೆಗಳು ನಮ್ಮಲ್ಲಿ ಹೇರಳ. ಅವುಗಳಿಂದ ಸಿಗುವ ಶೀಘ್ರ ಉಪಶಮನ ಜೀವಸತ್ವದ್ದಲ್ಲ, ಪ್ರೆಗಾಬಲಿನ್ನದು. ನೋವು ತಗ್ಗಿಸಲು ಅದು ನಿಜವಾಗಿ ಉಪಯುಕ್ತ, ಆದರೆ ಮಂಪರು, ತಲೆತಿರುಗು ತರುತ್ತದೆ. ರಾತ್ರಿ ಏಳುವ ವೃದ್ಧರು ಬಿದ್ದು ಸೊಂಟ ಮುರಿದುಕೊಂಡಾರು. ಒಮ್ಮೆಗೇ ನಿಲ್ಲಿಸಲೂ ಬಾರದು.

ಆಯುರ್ವೇದದವನಾದ ನಾನು ನಮ್ಮ ಮದ್ದುಗಳ ಬಗ್ಗೆಯೂ ಹೇಳಬೇಕು. ವಾಗ್ಭಟನು ಪ್ರಮೇಹಕ್ಕೆ ನೆಲ್ಲಿ ಮತ್ತು ಅರಿಶಿನಗಳನ್ನು ಶ್ರೇಷ್ಠವೆಂದಿದ್ದಾನೆ. ಪಥ್ಯದೊಡನೆ ನಾನೂ ಕೊಡುತ್ತೇನೆ. ಆದರೆ ಅದು ಬಿ12 ಕೊರತೆಯನ್ನು ತುಂಬದು, ಸತ್ತ ತಂತುವನ್ನು ಚಿಗುರಿಸದು. ಹೆಸರು, ಪರವಾನಗಿ ಸಂಖ್ಯೆ ಏನೂ ಇಲ್ಲದ ಪುಡಿ, ಭಸ್ಮಗಳನ್ನು ಸಂತೆಯಲ್ಲಿಯೋ ಅಂಚೆಯಲ್ಲಿಯೋ ಕೊಳ್ಳುವುದು ಬೇಡವೇ ಬೇಡ. ಅಂತರಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ 2008ರ ವರದಿಯೊಂದರಲ್ಲಿ ಐದರಲ್ಲಿ ಒಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಯಿತು. ಸೀಸವೂ ಆರ್ಸೆನಿಕ್ಕೂ ನರಗಳಿಗೆ ವಿಷ.

ಕೊನೆಗೆ ಪಾದದ ಮಾತು. ಸುಶ್ರುತನು ಪ್ರಮೇಹದ ಚಿಕಿತ್ಸೆಯಲ್ಲಿ, ಬಡವನಾದ ರೋಗಿಯು ಪಾದರಕ್ಷೆಯಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನವುಂಡು, ಒಂದೂರಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಲಿ ಎಂದಿದ್ದಾನೆ. ನಡೆಯಬೇಕೆಂಬ ಮಾತು ಇಂದಿಗೂ ಸತ್ಯ. ಬರಿಗಾಲಿನ ಮಾತನ್ನು ಮಾತ್ರ ಸ್ಪರ್ಶ ಕಳೆದುಕೊಂಡ ಪಾದಕ್ಕೆ ಅನ್ವಯಿಸಲಾಗದು. ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಹೋಗುವ ಹರಕೆ ಹೊತ್ತ ಮಧುಮೇಹಿಗಳು ಹೊರಡುವ ಮೊದಲು ಪಾದ ಪರೀಕ್ಷೆ ಮಾಡಿಸಿಕೊಳ್ಳಲಿ. 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ತಾಕಿಸಿ ನೋಡುವ ಈ ಪರೀಕ್ಷೆಗೆ ಐದು ನಿಮಿಷ ಸಾಕು. ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಕಡೆ ವಿಚಾರಿಸಬಹುದು. ಎಳೆ ತಾಕಿದ್ದು ತಿಳಿಯದವರು ಬರಿಗಾಲಿನ ಯಾತ್ರೆಯನ್ನು ಕೈಬಿಡಬೇಕು. ಪಾದರಕ್ಷೆಯೊಡನೆ ನಡೆದರೂ ಸಂಜೆ ತಂಗಿದಲ್ಲಿ ಬೇರೊಬ್ಬರಿಂದ ಅಂಗಾಲು, ಬೆರಳಸಂದುಗಳನ್ನು ನೋಡಿಸಿಕೊಳ್ಳಬೇಕು. ಮಠ, ದೇಗುಲಗಳ ಅಂಗಳದಲ್ಲಿ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ದಪ್ಪ ಹತ್ತಿಯ ಕಾಲುಚೀಲ ತೊಡಲಿ. ಉರಿ ತಗ್ಗಲೆಂದು ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಕಾಲಿಡುವ ಅಭ್ಯಾಸವನ್ನು ಬಿಡಬೇಕು. ಸ್ನಾನದ ನೀರಿನ ಬಿಸಿಯನ್ನೂ ಕಾಲಿನಿಂದಲ್ಲ, ಮೊಣಕೈಯಿಂದ ನೋಡಬೇಕು. ಬೊಬ್ಬೆಯೋ ಸಣ್ಣ ಗಾಯವೋ ಕಂಡರೆ, ನೋವಿಲ್ಲದಿದ್ದರೂ, ಅಂದೇ ಅಥವಾ ಮರುದಿನ ವೈದ್ಯರಿಗೆ ತೋರಿಸಬೇಕು.