ಸುಧಾರಾಣಿಗೆ ಸಿಕ್ಕ ವಯಸ್ಸು

ತುಮಕೂರು–ತಿಪಟೂರು ದಾರಿಯನ್ನು ಚಿಕ್ಕನಾಯಕನಹಳ್ಳಿ–ತುರುವೇಕೆರೆ ದಾರಿ ಅಡ್ಡಹಾಯುವಲ್ಲಿ ಕಿಬ್ಬನಹಳ್ಳಿ ಕ್ರಾಸು. ಇಲ್ಲಿನ ತೋಟದ ಮನೆಗಳಲ್ಲಿ ಅಟ್ಟಕ್ಕೇರಿದ ತೆಂಗಿನಕಾಯಿಯನ್ನು ಯಾರೂ ಅವಸರಪಡಿಸುವುದಿಲ್ಲ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾಗಲು ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಅದೇ ಅಟ್ಟದ ಕೆಳಗೆ ಟೀವಿ ಹಾಕಿಕೊಂಡು ಕೂತವರಿಗೆ 2022ರ ಅಕ್ಟೋಬರ್ ಕೊನೆಯಿಂದ ತುಳಸಿ ಎಂಬ ಅಮ್ಮ ಪರಿಚಯವಾದಳು. ಜೀ ಕನ್ನಡದ ‘ಶ್ರೀರಸ್ತು ಶುಭಮಸ್ತು’ ಧಾರಾವಾಹಿಯ ಈ ತುಳಸಿ, ಸುಧಾರಾಣಿ. ‘ಆನಂದ್’ ಚಿತ್ರದ ಕಾಲದವರಿಗೆ ಇಂದಿಗೂ ‘ಆ ಹುಡುಗಿ’.

ಆ ಹುಡುಗಿಯ ವಿಷಯದಲ್ಲಿ ಸಿನಿಮಾ ಮಾತ್ರ ಅಟ್ಟದಷ್ಟು ತಾಳ್ಮೆ ತೋರಲಿಲ್ಲ.

ಮೊದಲು ಜಾಹೀರಾತು, ಆಮೇಲೆ ಬಾಲನಟಿಯ ಪಾತ್ರಗಳು. ವಿಷ್ಣುವರ್ಧನ್ ಮತ್ತು ರಜನಿಕಾಂತ್ ಜೊತೆಯಾಗಿದ್ದ ‘ಕಿಲಾಡಿ ಕಿಟ್ಟು’ (1978) ಅವುಗಳಲ್ಲೊಂದು. ಹೀಗೆ ಬಂದ ಮಕ್ಕಳು ಸಾಮಾನ್ಯವಾಗಿ ಹಲ್ಲು ಬಿದ್ದು ಎತ್ತರ ಬೆಳೆಯುವ ಹೊತ್ತಿಗೆ ತೆರೆಯಿಂದ ಮರೆಯಾಗುತ್ತಾರೆ. ಮತ್ತೆ ಕಾಣಿಸಿಕೊಂಡರೆ ಕೆಲವು ವರ್ಷ ಬಿಟ್ಟು. ‘ಚಪಲ ಚೆನ್ನಿಗರಾಯ’ದ ಪುಟಾಣಿ ಅನು ಪ್ರಭಾಕರ್ 1999ರ ‘ಹೃದಯ ಹೃದಯ’ದಲ್ಲಿ ನಾಯಕಿಯಾದದ್ದು ಈ ರೀತಿ. ಸುಧಾರಾಣಿಗೆ ಅಂಥ ಬಿಡುವೇ ಸಿಗಲಿಲ್ಲ. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ ‘ಆನಂದ್’ (1986) ಶಿವರಾಜಕುಮಾರ್ ನಾಯಕರಾದ ಮೊದಲ ಚಿತ್ರ. ಅವರೆದುರು ನಿಂತ ನಾಯಕಿಗೆ ಆಗ 13ರ ಆಸುಪಾಸು. ಸೀರೆ ಉಡಿಸಿ, ಕ್ಯಾಮೆರಾ ಮುಂದೆ ನಿಲ್ಲಿಸಿದರೆ ಪ್ರೇಕ್ಷಕರು ವಯಸ್ಸು ಕೇಳಲಿಲ್ಲ. ಚಿತ್ರ ತಿಂಗಳುಗಟ್ಟಲೆ ಓಡಿತು. ಎರಡು ದಶಕ ಕಳೆದ ಮೇಲೂ ಎಳೆಯ ಹುಡುಗಿಯನ್ನು ನಾಯಕಿಯಾಗಿಸುವ ಈ ಅವಸರ ಬದಲಾಗಿರಲಿಲ್ಲ. ಬಾಲನಟಿಯಾಗಿದ್ದ ಅಮೂಲ್ಯ 2007ರ ‘ಚೆಲುವಿನ ಚಿತ್ತಾರ’ದಲ್ಲಿ ನಾಯಕಿಯಾದಾಗ ಅವರಿಗೂ 14 ತುಂಬಿರಲಿಲ್ಲ.

ಆದರೆ ಸುಧಾರಾಣಿ ಮುದ್ದು ಮುಖವನ್ನಷ್ಟೇ ನೆಚ್ಚಿಕೊಂಡು ಉಳಿದವರಲ್ಲ. ‘ಮನಮೆಚ್ಚಿದ ಹುಡುಗಿ’ ಮತ್ತೊಂದು ದೊಡ್ಡ ಗೆಲುವು ಕೊಟ್ಟಿತು; ಪಿ.ಎಚ್. ವಿಶ್ವನಾಥ್ ಅವರ ‘ಪಂಚಮವೇದ’ ರಾಜ್ಯ ಪ್ರಶಸ್ತಿ ತಂದಿತು. ಅದೂ ಇಪ್ಪತ್ತರೊಳಗೆ. ಕೆ.ಎಸ್. ನರಸಿಂಹಸ್ವಾಮಿ ಕವಿತೆಗಳ ಸುತ್ತ ಟಿ.ಎಸ್. ನಾಗಾಭರಣ ಹೆಣೆದ ‘ಮೈಸೂರು ಮಲ್ಲಿಗೆ’ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದರೆ, ಅದರ ನಾಯಕಿಗೆ ಮತ್ತೊಮ್ಮೆ ರಾಜ್ಯ ಪ್ರಶಸ್ತಿ. 1993ರಲ್ಲಿ ರವಿಚಂದ್ರನ್ ಜೊತೆ ‘ಮನೆದೇವ್ರು’. ಹೆಂಡತಿ, ಸೊಸೆ, ಗೃಹಿಣಿ: ತೆರೆಯ ಮೇಲಿನ ಸಂಸಾರವೆಲ್ಲ ಕಾಲೇಜು ಹುಡುಗಿಯ ವಯಸ್ಸಿನಲ್ಲೇ ಮುಗಿದುಹೋದಂತಿತ್ತು.

ನಡುವೆ ಅಮೆರಿಕದಲ್ಲಿದ್ದು ಮರಳಿದರು. ‘ಸ್ಪರ್ಶ’ದಿಂದ ‘ವಾಸ್ತು ಪ್ರಕಾರ’ದವರೆಗೆ ಪೋಷಕ ಪಾತ್ರಗಳು ಬಂದವು. ನಾಯಕನಿಗೆ ಐವತ್ತಾದರೂ ಪ್ರೇಮಕಥೆ ಬರೆಯುವ ಚಿತ್ರರಂಗ, ಅದೇ ಪ್ರಾಯದ ನಟಿಯನ್ನು ಅಕ್ಕ, ಅತ್ತಿಗೆ, ಅಮ್ಮನ ಸಾಲಿಗೆ ಸರಿಸುವುದು ಹೊಸದೇನಲ್ಲ.

ಕಿರುತೆರೆ ಅವರನ್ನು ಕರೆದದ್ದೂ ಅಮ್ಮನ ಪಾತ್ರಕ್ಕೇ. ಆದರೆ ಕಥೆ ಇದ್ದದ್ದು ಆ ಅಮ್ಮನದೇ. ತುಳಸಿ ವಿಧವೆ, ಬೆಳೆದ ಮಗನ ತಾಯಿ. ಅಜಿತ್ ಹಂದೆ ಅಭಿನಯದ ಮಾಧವನಿಗೂ ಮಕ್ಕಳು ದೊಡ್ಡವರು. ಈ ಇಬ್ಬರ ಸ್ನೇಹ ಮದುವೆಗೆ ತಿರುಗುವುದೇ ಧಾರಾವಾಹಿಯ ಜೀವಾಳ. 13ರಲ್ಲಿ ಪ್ರೇಯಸಿಯಾಗಿದ್ದವರು 50ರ ಹೊಸ್ತಿಲಲ್ಲಿ ಮತ್ತೆ ಮದುಮಗಳಾದರು. ಈ ಸಲ ಪಾತ್ರಕ್ಕೂ ಪಾತ್ರಧಾರಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು.