ಹಗ್ಗ ಸಡಿಲಿಸುವ ಗಳಿಗೆ

ಕಲಬುರಗಿ ಜಿಲ್ಲೆಯ ಕಮಲಾಪುರ ಅಂದರೆ ಎಲ್ಲರಿಗೂ ನೆನಪಾಗುವುದು ಜಿಐ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆ. ಬಾಳೆಯ ಮಾತು ಆಮೇಲೆ ಬರುತ್ತದೆ, ಮೊದಲು ಹೋರಿ.

ಟ್ರ್ಯಾಕ್ಟರ್ ಬಂದ ಮೇಲೂ ತೊಗರಿ ಸಾಲಿನ ನಡುವೆ ಎಡೆ ಹೊಡೆಯಲು ಎತ್ತನ್ನೇ ನಂಬಿದ ರೈತರು ಕಲಬುರಗಿ ಸೀಮೆಯಲ್ಲಿದ್ದಾರೆ. ದೇವಣಿ ತಳಿಯ ಎಳೆ ಹೋರಿಯನ್ನು ನೊಗಕ್ಕೆ ಒಗ್ಗಿಸುವಾಗ ಪಳಗಿದ ಎತ್ತಿನ ಜೊತೆ ಕಟ್ಟಿ, ಮೊದಲು ಬರೀ ಕೊರಡು ಎಳೆಸುತ್ತಾರೆ. ಎಡಕ್ಕೆ ಹಗ್ಗ ಜಗ್ಗಿದರೆ ಮೂಗುದಾರ ಒತ್ತುತ್ತದೆ. ಹೋರಿ ತಲೆ ಕೊಡವುತ್ತದೆ, ಹಿಂದೆ ಸರಿಯುತ್ತದೆ, ಬಲಕ್ಕೆ ತಿರುಗುತ್ತದೆ. ಯಾವುದರಿಂದಲೂ ಒತ್ತಡ ಹೋಗುವುದಿಲ್ಲ. ಹೇಗೋ ಒಮ್ಮೆ ಎಡಕ್ಕೆ ಕತ್ತು ಹೊರಳಿಸಿದಾಗ ಮಾತ್ರ ಹಗ್ಗ ಸಡಿಲಾಗುತ್ತದೆ. ಮರುಸಲ ಅದು ಇನ್ನೂ ಬೇಗ ಹೊರಳುತ್ತದೆ. ಕೆಲವು ದಿನಗಳಲ್ಲಿ ಜಗ್ಗುವ ಮೊದಲೇ, ಬರೀ ದನಿಗೇ ತಿರುಗುತ್ತದೆ.

ನೋಡುವವರು ಹೋರಿಗೆ ಕಲಿಸಿದ್ದು ಬಾರಕೋಲು ಅಂದುಕೊಳ್ಳುತ್ತಾರೆ. ಕಲಿಸಿದ್ದು ಹಗ್ಗ ಸಡಿಲಾದ ಆ ಗಳಿಗೆ. ಹೋರಿ ತಿರುಗಿದ ಮೇಲೂ ಹಗ್ಗ ಜಗ್ಗುತ್ತಲೇ ಇರುವ ಅವಸರದ ಕೈಯಲ್ಲಿ ಒಳ್ಳೆಯ ಹೋರಿಯೂ ಹಟಮಾರಿಯಾಗುತ್ತದೆ. ತಿರುಗಿದರೂ ನೋವು, ತಿರುಗದಿದ್ದರೂ ನೋವು ಅಂತಾದರೆ ಅದು ತಿರುಗುವುದಾದರೂ ಯಾಕೆ?

ಹೀಗೆ ಅಹಿತವಾದದ್ದು ತೊಲಗಿದ್ದರಿಂದ ಒಂದು ನಡವಳಿಕೆ ಗಟ್ಟಿಯಾದರೆ ಅದು ಋಣಾತ್ಮಕ ಪುನರ್ಬಲನ. ಬಿ.ಎಡ್. ಪರೀಕ್ಷೆ ಬರೆದವರಲ್ಲೂ ಹಲವರು ಇದನ್ನು ಶಿಕ್ಷೆ ಎಂದೇ ತಿಳಿದಿರುತ್ತಾರೆ. ಪುನರ್ಬಲನ ಯಾವ ಬಗೆಯದಾದರೂ ನಡವಳಿಕೆಯನ್ನು ಹೆಚ್ಚಿಸುತ್ತದೆ, ಶಿಕ್ಷೆ ತಗ್ಗಿಸುತ್ತದೆ. ಸಂಜೆ ದಣಿದು ಬಂದ ಹೋರಿಯ ಮುಂದೆ ಇಡುವ ಹಿಂಡಿ ಅದಕ್ಕೆ ಹಿತವೇ, ಆದರೆ ಪಾಠವಾಗುವುದು ಕಷ್ಟ. ಬೆಳಿಗ್ಗೆ ನೇರ ನಡೆದದ್ದಕ್ಕೂ ಸಂಜೆಯ ಹಿಂಡಿಗೂ ಅದು ನಂಟು ಕಟ್ಟಲಾರದು.

ಫಲಕ್ಕೆ ತಕ್ಕಂತೆ ನಡವಳಿಕೆ ಬದಲಾಗುವುದನ್ನು ಮೊದಲು ಅಳೆದು ನೋಡಿದವರಲ್ಲಿ ಪ್ರಮುಖ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್. ಅಗುಳಿ ಹಾಕಿದ ಪೆಟ್ಟಿಗೆಯಿಂದ ಬೆಕ್ಕು ಹೊರಬರಲು ಹಿಡಿಯುವ ಸಮಯ ಸಲದಿಂದ ಸಲಕ್ಕೆ ಕಡಿಮೆಯಾಗುವುದನ್ನು ಆತ 1898ರಲ್ಲಿ ಪ್ರಕಟಿಸಿದ. ಬಿ.ಎಫ್. ಸ್ಕಿನ್ನರ್ ಬೆಕ್ಕಿನ ಬದಲು ಇಲಿ ತಂದ. ಸನ್ನೆ ಒತ್ತಿದರೆ ಒಂದು ಉಂಡೆ ಕಾಳು. 1938ರ ಪುಸ್ತಕದಲ್ಲಿ ಆತ ವರ್ಣಿಸಿದ ಒಂದು ಪ್ರಯೋಗ ನಮ್ಮ ಮೇಷ್ಟ್ರುಗಳೂ ಅಪ್ಪಂದಿರೂ ಓದಬೇಕಾದದ್ದು. ಕಾಳು ಬರುವುದನ್ನು ನಿಲ್ಲಿಸಿ, ಮೊದಮೊದಲ ಕೆಲ ನಿಮಿಷ ಸನ್ನೆ ಒತ್ತಿದ ಇಲಿಗಳ ಪಾದಕ್ಕೆ ಸನ್ನೆಯಿಂದಲೇ ಏಟು ಬೀಳುವಂತೆ ಮಾಡಿದ. ಇಲಿಗಳು ತಕ್ಷಣ ತೆಪ್ಪಗಾದವು. ಏಟು ನಿಂತ ಮೇಲೆ ಮತ್ತೆ ಒತ್ತತೊಡಗಿದವು. ಕೊನೆಗೆ ಲೆಕ್ಕ ಹಾಕಿದರೆ, ಏಟು ತಿಂದ ಇಲಿಗಳೂ ತಿನ್ನದ ಇಲಿಗಳೂ ಒತ್ತಿದ ಒಟ್ಟು ಸಲ ಹೆಚ್ಚುಕಡಿಮೆ ಒಂದೇ.

ಹಾಗಂತ ಶಿಕ್ಷೆಗೆ ಶಕ್ತಿಯೇ ಇಲ್ಲ ಅನ್ನುವಂತಿಲ್ಲ. ಅದು ಜೋರಾಗಿದ್ದು, ತಕ್ಷಣ ಬಿದ್ದು, ಪ್ರತಿ ಸಲವೂ ತಪ್ಪದೆ ಬಿದ್ದರೆ ನಡವಳಿಕೆ ನಿಜಕ್ಕೂ ಅಡಗುತ್ತದೆ ಎಂದು ಸಂಶೋಧಕರಾದ ಏಜ್ರಿನ್ ಮತ್ತು ಹೋಲ್ಜ್ 1966ರಲ್ಲಿ ತೋರಿಸಿದರು. ಈ ಮೂರೂ ಒಟ್ಟಿಗೆ ಸಿಗುವುದು ಪ್ರಯೋಗಶಾಲೆಯಲ್ಲಿ. ರಸ್ತೆಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಕಮಲಾಪುರದಿಂದ ಕಲಬುರಗಿಗೆ ಬರುವ ಬೈಕುಗಳನ್ನು ನೋಡಿದರೆ ಸಾಕು. ದಾರಿಯುದ್ದಕ್ಕೂ ಹ್ಯಾಂಡಲ್ಲಿಗೆ ನೇತುಬಿದ್ದ ಹೆಲ್ಮೆಟ್ಟು ರಿಂಗ್ ರೋಡ್ ಬಳಿ ತಲೆಗೇರುತ್ತದೆ, ಖಾಕಿ ಕಾಣುವ ಸರ್ಕಲ್ ದಾಟಿದರೆ ಇಳಿಯುತ್ತದೆ. ಶಿಕ್ಷೆ ಇಲ್ಲಿ ಕಲಿಸಿದ್ದು ಹೆಲ್ಮೆಟ್ ಹಾಕುವುದನ್ನಲ್ಲ, ಪೊಲೀಸರನ್ನು ದೂರದಿಂದಲೇ ಗುರುತಿಸುವುದನ್ನು. 2019ರಲ್ಲಿ ಕೇಂದ್ರದ ಕಾಯ್ದೆ ಹೆಲ್ಮೆಟ್ ದಂಡವನ್ನು 1,000 ರೂಪಾಯಿಗೆ ಏರಿಸಿತು, ನಮ್ಮ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಮೊತ್ತದ ಬಗ್ಗೆ ಆಗ ನಡೆದ ಚರ್ಚೆಯಲ್ಲಿ ಕಾಲು ಭಾಗವಾದರೂ ‘ಎಷ್ಟು ಬೇಗ, ಎಷ್ಟು ಖಚಿತ’ ಅನ್ನುವುದರ ಬಗ್ಗೆ ನಡೆಯಬೇಕಿತ್ತು. 2023ರ ಫೆಬ್ರುವರಿಯಲ್ಲಂತೂ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಸಿಕ್ಕಿತು. ಕಟ್ಟದೆ ಕಾದವರಿಗೆ ಅದು ಶುದ್ಧ ಪುನರ್ಬಲನ.

ಈಗ ಬಾಳೆ. ತೋಟಕ್ಕೆ ನುಗ್ಗಿದ ಮಂಗ ಹಣ್ಣು ಸುಲಿದ ಕ್ಷಣವೇ ಬಾಯಿಗೆ ರುಚಿ ಸಿಗುತ್ತದೆ. ಪಟಾಕಿಯೋ ಕವಣೆ ಕಲ್ಲೋ ಬರುವುದು ಮಾಲೀಕ ಓಡಿಬಂದ ಮೇಲೆ, ಅದೂ ಅವನು ಊರಲ್ಲಿದ್ದರೆ. ಹತ್ತು ಸಲ ಓಡಿಸಿಕೊಂಡು ಒಂದು ಸಲ ಗೊನೆ ಸಿಕ್ಕರೂ ಮಂಗ ಬರುವುದನ್ನು ಬಿಡುವುದಿಲ್ಲ, ಓಸಿ ಚೀಟಿ ಬರೆಸುವವನ ಹಾಗೆ.

ಅಪರೂಪದ ಬಹುಮಾನಕ್ಕಿರುವ ಈ ಬಲ ಸ್ಕಿನ್ನರ್‌ಗೆ ಸಿಕ್ಕಿದ್ದು ಆಕಸ್ಮಿಕವಾಗಿ. ಇಲಿಯ ಉಂಡೆಗಳನ್ನು ಆತ ಕೈಯಾರೆ ಮಾಡಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ ನೋಡಿದರೆ ದಾಸ್ತಾನು ಸೋಮವಾರ ಬೆಳಿಗ್ಗೆಗೇ ಮುಗಿಯುವಂತಿತ್ತು. ಕೂತು ಉಂಡೆ ಕಟ್ಟಲು ಬೇಸರವಾಗಿ, ಪ್ರತಿ ಒತ್ತಿಗೂ ಕೊಡುವ ಬದಲು ನಿಮಿಷಕ್ಕೊಂದು ಮಾತ್ರ ಕೊಡತೊಡಗಿದ. ಇಲಿಗಳು ಒತ್ತುತ್ತಲೇ ಇದ್ದವು. ಹೀಗೆ ಬಿಟ್ಟುಬಿಟ್ಟು ಸಿಕ್ಕಿದ್ದರಿಂದ ಬೆಳೆದ ಚಟ, ಕಾಳು ಪೂರ್ತಿ ನಿಂತ ಮೇಲೂ ಬಹುಕಾಲ ಉಳಿಯುತ್ತದೆ.

ಹಾಗಾಗಿ ಮಂಗನನ್ನು ಬೆದರಿಸುವುದಕ್ಕಿಂತ ಅದಕ್ಕೆ ಮೊದಲ ಹಣ್ಣೇ ಸಿಗದಂತೆ ನೋಡಿಕೊಳ್ಳುವುದು ಲೇಸು: ಮಂಗನ ಕೈಗೆ ಹರಿಯದ ಗಟ್ಟಿ ಬಲೆ ಕಟ್ಟುವುದು, ದಾರಿಯಲ್ಲಿ ಮಂಗಗಳಿಗೆ ತಿಂಡಿ ಎಸೆಯದಿರುವುದು. ಆದರೆ ರುಚಿ ಕಂಡ ಗುಂಪಿಗೆ ಹಣ್ಣು ಒಮ್ಮೆಲೇ ನಿಂತಾಗ ಅದು ಸುಮ್ಮನೆ ಹೋಗುವುದಿಲ್ಲ. ಮೊದಲ ಕೆಲವು ದಿನ ಹಿಂದೆಂದಿಗಿಂತ ಜೋರಾಗಿ ಎಳೆದಾಡುತ್ತದೆ, ಬಲೆ ಕಚ್ಚುತ್ತದೆ. ಬಲೆಯಿಂದ ಉಪಯೋಗವಿಲ್ಲ ಅಂತ ರೈತ ಕೈಚೆಲ್ಲುವುದು ಸಾಮಾನ್ಯವಾಗಿ ಅದೇ ದಿನಗಳಲ್ಲಿ. ಆಗ ಬಿಚ್ಚಿದರೆ, ಇನ್ನೂ ಜೋರಾಗಿ ಎಳೆದರೆ ಹಣ್ಣು ಸಿಗುತ್ತದೆ ಎಂಬ ಹೊಸ ಪಾಠವನ್ನು ಮಂಗಕ್ಕೆ ಅವನೇ ಕಲಿಸಿದಂತಾಗುತ್ತದೆ.