ಕಾಡಂಚಿನ ಊರಿಗೆ ಬಂದ ಅಂಚೆ ಚೀಲ

ಬಸ್ಸು ನಿಂತಿದ್ದು ಅರ್ಧ ನಿಮಿಷವಷ್ಟೆ. ಕಂಡಕ್ಟರ್ ಬಾಗಿಲಲ್ಲೇ ನಿಂತು ಒಂದು ಚೀಲ ಇಳಿಸಿದರು, ಶಾಖಾ ಅಂಚೆಪಾಲಕಿ ಇನ್ನೊಂದನ್ನು ಅವರ ಕೈಗಿಟ್ಟರು. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಆ ಊರಿಗೆ ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಆ ಚೀಲ ಕಂಡಮೇಲೆ ಬಂದ ಕೆಲಸವೇ ಮರೆತುಹೋಯಿತು.

ಮನೆಯ ಜಗುಲಿಯೇ ಕಚೇರಿ. ಸೀಲ್ ಒಡೆದು, ಚೀಲವನ್ನು ಮಗುಚಿ ಕೊಡವಿ, ಒಳಗೆ ಏನೂ ಉಳಿದಿಲ್ಲವೆಂದು ಕೈಯಾಡಿಸಿ ನೋಡಿದರು. ಐದು ಕಾಗದ, ಎರಡು ಪಾರ್ಸೆಲ್. ಪಟ್ಟಿಯೊಂದಿಗೆ ತಾಳೆ ಹಾಕಿ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಮೊಹರು ಒತ್ತಿದರು. ಒಂದರ ಮೇಲೆ ಆಳಿನ ಹೆಸರು, ಆದಿವಾಸಿ ಹಾಡಿಯ ಹೆಸರು, ಪಿನ್‌ಕೋಡ್ ಬಿಟ್ಟರೆ ಇನ್ನೇನಿಲ್ಲ. 'ಇವರು ಕೊಡಗಿಗೆ ಕೂಲಿಗೆ ಹೋಗಿದ್ದಾರೆ, ಭಾನುವಾರ ಬರ್ತಾರೆ. ಅತ್ತಿಗೆಗೆ ಹೇಳಿಟ್ಟಿರ್ತೀನಿ' ಅಂದರು.

ಅದೇ ವಾರ ಮೈಸೂರಿನಲ್ಲಿ, ಹಗಲೆಲ್ಲ ಮನೆಯಲ್ಲೇ ಇದ್ದ ನನಗೆ ಒಂದು ಖಾಸಗಿ ಕೊರಿಯರ್‌ನಿಂದ ಸಂದೇಶ ಬಂದಿತ್ತು: 'ಗ್ರಾಹಕರು ಲಭ್ಯವಿಲ್ಲ.'

ಖಾಸಗಿಯವರನ್ನು ಸುಮ್ಮನೆ ದೂರಲಾರೆ. ಬೆಂಗಳೂರಿನಿಂದ ಮೈಸೂರಿಗೆ ಒಂದು ರಾತ್ರಿಯ ದಾರಿ. ಸರಕು ಬೇಗ ಬರಬೇಕೆಂದರೆ ನಾನೂ ಅವರನ್ನೇ ನೆಚ್ಚುತ್ತೇನೆ. ತೊಡಕು ಊರೊಳಗೆ. ಉದಯರವಿ ಎಂದರೆ ಒಂಟಿಕೊಪ್ಪಲಿನ ಕುವೆಂಪು ಅವರ ಮನೆ; ಉದಯರವಿ ರಸ್ತೆ ಇರುವುದು ಕುವೆಂಪುನಗರದಲ್ಲಿ. ಬಡಾವಣೆಗೆ ಹೊಸಬನಾದ ಹುಡುಗ ಫೋನ್ ಮಾಡಿ ಲೊಕೇಶನ್ ಕೇಳದೆ ಏನು ಮಾಡಿಯಾನು? ಕಾಡಂಚಿನ ಎಷ್ಟೋ ಊರುಗಳಂತೂ ಅವರ ಲೆಕ್ಕದಲ್ಲಿ ವಿತರಣಾ ವ್ಯಾಪ್ತಿಯ ಹೊರಗೆ. 'ಪೇಟೆಗೆ ಬಂದು ತಗೊಂಡು ಹೋಗಿ' ಎನ್ನುತ್ತಾರೆ.

ಕಾಡಿಗೂ ತನ್ನದೇ ವೇಳಾಪಟ್ಟಿಯಿದೆ. ಗುಂಡ್ಲುಪೇಟೆ ದಾಟಿ ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕು ಲಾರಿ ಓಡುವಂತಿಲ್ಲ. ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ದಾರಿಯಂತೂ ಸಂಜೆ 6ಕ್ಕೇ ಬಂದ್. ಗೇಟು ಬಿದ್ದಮೇಲೆ ಹೊರಟ ಮೂಟೆ ಬೆಳಗಿನವರೆಗೆ ಕಾಯಬೇಕು, ಇಲ್ಲವೇ ಹುಣಸೂರು, ಗೋಣಿಕೊಪ್ಪ, ಕುಟ್ಟ ಎಂದು ಸುತ್ತಬೇಕು. ಆನೆ, ಜಿಂಕೆಗಳಿಗೆ ಸಿಕ್ಕ ಆ ರಾತ್ರಿ ನ್ಯಾಯವಾದದ್ದೇ. ತಡವಾಯಿತೆಂದು ಕೊರಿಯರ್ ಹುಡುಗನನ್ನು ಬೈಯುವ ಮುನ್ನ ಆ ಗೇಟನ್ನು ನೆನೆಯಬೇಕು.

ಮೈಸೂರಿಗೆ ಅಂಚೆಯ ಕೆಲಸ ಹೊಸದಲ್ಲ. 17ನೇ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರು ಅಂಚೆ ಕಟ್ಟಿದರು. ಅದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಸ್ಪೀಡ್ ಪೋಸ್ಟ್ ಬಂದದ್ದು 1986ರಲ್ಲಿ, ನಮ್ಮ ಅಜ್ಜಂದಿರ ರಿಜಿಸ್ಟರ್ಡ್ ಪೋಸ್ಟ್ ಅದರಲ್ಲಿ ಲೀನವಾದದ್ದು 2025ರಲ್ಲಿ. ಅಂಚೆಯೂ ತಡಮಾಡುತ್ತದೆ, ಟ್ರ್ಯಾಕಿಂಗ್ ಎರಡೆರಡು ದಿನ ಮಾತಾಡುವುದಿಲ್ಲ. ಆದರೂ ಅತ್ತಿಗೆ ಯಾರೆಂದು ಗೊತ್ತಿರುವವರು ಅಲ್ಲಿದ್ದಾರೆ. ನನ್ನ ಒಲವು ಆ ಕಡೆಗೇ.

ಹಾಡಿಗಳಿಗೆ ಪುಸ್ತಕ, ಔಷಧಿ ಕಳಿಸುವವರು ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ. ಒಂದೇ ಪಿನ್‌ಕೋಡಿನಡಿ ಹಲವು ಶಾಖಾ ಕಚೇರಿಗಳಿರುತ್ತವೆ. ವಿಳಾಸದಲ್ಲಿ ಹಾಡಿಯ ಹೆಸರಿನ ಜೊತೆಗೆ ಶಾಖಾ ಅಂಚೆ ಕಚೇರಿಯ ಹೆಸರನ್ನೂ ಬರೆಯಿರಿ.